ಬಾಡಿಗೆಯ ಮನೆಯೂ ಸಹವಾಸಧರ್ಮವೂ

ತಂದೆತಾಯಿಗಳ ಮನೆಯನ್ನು ಬಿಟ್ಟು ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಪರಸ್ಥಳಕ್ಕೆ ಹೋದ ತರುಣ ತರುಣಿಯರು ಸ್ವಂತ ಹೊಣೆಯ ಮೇಲೆ ಮಾಡತಕ್ಕ ಮೊದಲ ತೀರ್ಮಾನಗಳಲ್ಲಿ ಬಾಡಿಗೆಗೆ ಮನೆ ಹಿಡಿಯುವುದು ಒಂದು. ಈ ಒಂದು ತೀರ್ಮಾನದಲ್ಲಿ ಎರಡು ಪ್ರಶ್ನೆಗಳು ಅಡಕವಾಗಿವೆ. ಯಾವ ಮನೆಯಲ್ಲಿರಬೇಕೆಂಬುದು ಮೊದಲನೆಯದು. ಒಂಟಿಯಾಗಿರಬೇಕೋ ಇತರರೊಡನೆ ಕೂಡಿರಬೇಕೋ, ಕೂಡಿರುವುದಾದರೆ ಎಂಥವರೊಡನೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಯ ವಿಷಯದಲ್ಲಿ ನಮ್ಮ ಜನ ಸಾಕಷ್ಟು ಎಚ್ಚರವುಳ್ಳವರು. ನೀರು ಎಷ್ಟು ಹೊತ್ತು ಬರುತ್ತದೆ, ಗಾಳಿ ಬೆಳಕು ಹೇಗಿದೆ, ಬಸ್ಸು ಎಷ್ಟು ದೂರ, ಮುಂಗಡವೆಷ್ಟು ಎಂದು ವಿಚಾರಿಸದೆ ಯಾರೂ ಬೀಗದ ಕೈ ತೆಗೆದುಕೊಳ್ಳುವುದಿಲ್ಲ. ಎರಡನೆಯದನ್ನಾದರೋ ಬಹುಮಂದಿ ಖರ್ಚಿನ ಲೆಕ್ಕಕ್ಕೆ ಸೇರಿದ ಒಂದು ಬಾಬತ್ತೆಂದು ತಿಳಿದು, ಸಿಕ್ಕವರೊಡನೆ ಸೇರಿಯೋ ತಮ್ಮವರನ್ನೇ ಹುಡುಕಿಕೊಂಡೋ ಮುಗಿಸಿಬಿಡುತ್ತಾರೆ. ಈ ಎರಡನೆಯ ಪ್ರಶ್ನೆಯೇ ಗುರುತರವಾದುದೆಂದೂ, ಅದಕ್ಕೆ ನಾವು ಕೊಡುವ ಉತ್ತರದಿಂದ ನಮ್ಮ ನಗರಗಳ ಶೀಲವೇ ನಿರ್ಧಾರವಾಗುತ್ತದೆಯೆಂದೂ, ಕೂಡಿ ಬಾಳುವವರನ್ನು ಆರಿಸಿಕೊಳ್ಳುವಾಗ ಕೇಳತಕ್ಕುದು ಅವರ ನಡತೆಯ ಮಾತನ್ನೇ ಹೊರತು ಹುಟ್ಟಿನ ಮಾತನ್ನಲ್ಲವೆಂದೂ ಈ ಲೇಖನದಲ್ಲಿ ಪ್ರತಿಪಾದಿಸಲು ಇಚ್ಛಿಸುತ್ತೇನೆ.

ಈ ವಿಚಾರಕ್ಕೆ ಗುಜರಾತಿನ ಅಹಮದಾಬಾದ್, ವಡೋದರಾ, ಸೂರತ್ ಎಂಬ ಮೂರು ನಗರಗಳನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಕನ್ನಡ ನಾಡಿನಿಂದ ಅಲ್ಲಿಗೆ ಹೋದವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಗಾಂಧೀಜಿಯವರು 1920ರಲ್ಲಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠದಲ್ಲಿ ಓದುವುದಕ್ಕೆ ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹೋಗಿದ್ದರು. ಈಗಿನ ತರುಣರು 1961ರಲ್ಲಿ ಆರಂಭವಾದ ಐಐಎಂಗೋ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೋ, ವಡೋದರೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಕಲಾಶಾಲೆಗೋ, ಕೊಯಲಿಯ ತೈಲ ಶುದ್ಧೀಕರಣಾಗಾರಕ್ಕೋ, ಸೂರತ್ತಿನ ಬಳಿಯ ಹಜೀರಾದ ಕಾರ್ಖಾನೆಗಳಿಗೋ ಹೋಗುತ್ತಾರೆ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಯಾರು ಯಾರೊಡನೆ ಒಂದು ಸೂರಿನ ಕೆಳಗೆ ಇರಬಹುದೆಂಬ ಪ್ರಶ್ನೆ, ಎರಡೇ ವರ್ಷಗಳ ಅಂತರದಲ್ಲಿ, ಆಧುನಿಕ ಭಾರತದ ಇಬ್ಬರು ಮಹಾಪುರುಷರ ಬಾಳಿನಲ್ಲಿ ತನ್ನ ಸಮಸ್ತ ಕಾಠಿಣ್ಯದೊಡನೆ ಎದ್ದುನಿಂತದ್ದು ಈ ಭೂಮಿಯಲ್ಲಿಯೇ.

ಮೊದಲು ಲೌಕಿಕವಾದ ಲೆಕ್ಕವನ್ನು ಮುಗಿಸಿಬಿಡೋಣ. ಮೂರು ಕೋಣೆಯ ಮನೆಯ ಬಾಡಿಗೆ ಒಂದು ಕೋಣೆಯ ಮನೆಯ ಬಾಡಿಗೆಯ ಮುಮ್ಮಡಿಯಾಗಿರುವುದಿಲ್ಲ; ದಲಾಲನಿಗೆ ಕೊಡುವ ಹಣ, ಮುಂಗಡ, ಗ್ಯಾಸಿನ ಸಂಪರ್ಕ, ಪಾತ್ರೆ ತೊಳೆಯುವವರ ಸಂಬಳ ಇವೆಲ್ಲವೂ ಹಂಚಿಕೊಂಡಷ್ಟೂ ಹಗುರವಾಗುತ್ತವೆ. ಜ್ವರ ಬಂದ ರಾತ್ರಿ ನೀರು ಕೊಡುವುದಕ್ಕೆ ಒಬ್ಬರಿರುತ್ತಾರೆ ಎಂಬುದು ಪರಭಾಷೆಯ ಊರಿನಲ್ಲಿ ಅಲ್ಪವಾದ ಲಾಭವಲ್ಲ. ಇದಕ್ಕೆ ಪ್ರತಿಯಾಗಿ ಒಂಟಿವಾಸಕ್ಕೂ ತನ್ನದೇ ಆದ ಪುರುಷಾರ್ಥವುಂಟು. ಏಕಾಗ್ರತೆಯಿಂದ ಓದತಕ್ಕವನು, ರಾತ್ರಿ ಪಾಳಿಯಲ್ಲಿ ದುಡಿದು ಹಗಲು ಮಲಗತಕ್ಕವನು, ಒಂದು ದೊಡ್ಡ ದುಃಖದಿಂದ ಚೇತರಿಸಿಕೊಳ್ಳುತ್ತಿರುವವಳು, ಇಂಥವರು ಏಕಾಂತವನ್ನು ಬಯಸಿದರೆ ಅದರಲ್ಲಿ ಸ್ವಾರ್ಥವನ್ನು ಕಾಣತಕ್ಕುದಿಲ್ಲ. ಆದರೆ ಇಂಥ ವಿಶೇಷ ಕಾರಣಗಳಿಲ್ಲದ ಸಾಮಾನ್ಯ ತರುಣನು ತನ್ನ ಮೊದಲ ಮನೆಯಲ್ಲಿ ಇತರರೊಡನೆ ಕೂಡಿ ಬಾಳುವುದೇ ಮೇಲೆಂದು ನನ್ನ ದೃಢವಾದ ಅಭಿಪ್ರಾಯ. ಹುಟ್ಟಿದ ಮನೆಯ ಸಹವಾಸವನ್ನು ನಾವು ಆರಿಸಿಕೊಳ್ಳಲಿಲ್ಲ, ಅದರ ನಿಯಮಗಳನ್ನು ನಾವು ಮಾಡಲಿಲ್ಲ. ವಿವಾಹದ ಸಹವಾಸವನ್ನು ಬಹುಮಟ್ಟಿಗೆ ಬಂಧುಗಳೂ ಸಂಪ್ರದಾಯವೂ ರೂಪಿಸುತ್ತವೆ. ಇವೆರಡರ ನಡುವೆ, ರಕ್ತಸಂಬಂಧವಿಲ್ಲದ ಸಮಾನರೊಡನೆ, ತಾವೇ ನಿಯಮಗಳನ್ನು ಮಾಡಿಕೊಂಡು, ತಾವೇ ಅವುಗಳಿಗೆ ಒಳಪಟ್ಟು ಬಾಳುವ ಅವಕಾಶ ಬಹುಶಃ ಈ ಬಾಡಿಗೆಯ ಮನೆಯಲ್ಲಿ ಮಾತ್ರ ದೊರೆಯುತ್ತದೆ. ಪ್ರಜಾಪ್ರಭುತ್ವದ ಪ್ರಥಮ ಪಾಠಶಾಲೆ ಇದೇ ಎಂದರೆ ಅತಿಶಯೋಕ್ತಿಯಾಗಲಾರದು.

ಹೀಗೆ ಕೂಡಿ ಬಾಳಬೇಕೆಂದು ನಿಶ್ಚಯಿಸಿದವರು ಅಹಮದಾಬಾದಿನ ನವರಂಗಪುರದಲ್ಲಿಯೋ ವಡೋದರೆಯ ಫತೇಗಂಜಿನಲ್ಲಿಯೋ ಮನೆ ಕೇಳಲು ಹೋದರೆ, ಬಾಡಿಗೆಯ ಮಾತು ಬರುವುದಕ್ಕೆ ಮುಂಚೆ ದಲಾಲನು ಮೂರು ಮಾತು ಕೇಳುತ್ತಾನೆ: ಫ್ಯಾಮಿಲಿಯೋ ಬ್ಯಾಚುಲರೋ, ವೆಜ್ಜೋ ನಾನ್‌ವೆಜ್ಜೋ, ಅಡ್ಡಹೆಸರೇನು. ಮೂರನೆಯದರ ಮುಂದೆ ಹಳೆಯ ಮೈಸೂರು ಸೀಮೆಯ ಹುಡುಗ ತಬ್ಬಿಬ್ಬಾಗುತ್ತಾನೆ. ಅವನ ಹೆಸರಿನ ಹಿಂದೆ ಇರುವುದು ಊರಿನ ಮತ್ತು ತಂದೆಯ ಹೆಸರಿನ ಎರಡು ಅಕ್ಷರಗಳು ಮಾತ್ರ. ದಲಾಲನು ಆ ಅಕ್ಷರಗಳನ್ನು ಬಿಡಿಸಿ ಹೇಳೆನ್ನುತ್ತಾನೆ, ಬಿಡಿಸಿದರೂ ಅವನಿಗೆ ಬೇಕಾದುದು ಅಲ್ಲಿ ಸಿಕ್ಕುವುದಿಲ್ಲ. ಕೊನೆಗೆ ಸಂಕೋಚವನ್ನು ಬಿಟ್ಟು ಜಾತಿಯನ್ನೇ ಕೇಳುತ್ತಾನೆ. ಉತ್ತರ ರುಚಿಸದಿದ್ದರೆ ಮನೆಯ ಮಾಲಿಕರಿಂದ ಬಹಳ ಮೃದುವಾದ ಒಂದು ಮಾತು ಬರುತ್ತದೆ: ‘ನನಗೇನೂ ಅಡ್ಡಿಯಿಲ್ಲ, ಸೊಸೈಟಿಯವರು ಒಪ್ಪುವುದಿಲ್ಲ.’ ಇದು ಗುಜರಾತಿಗೇ ಮೀಸಲಾದ ದೋಷವೆಂದು ಯಾರೂ ತಿಳಿಯಬಾರದು. ಬೆಂಗಳೂರಿನ ಬಸವನಗುಡಿಯಲ್ಲಿಯೂ ಮೈಸೂರಿನ ಸರಸ್ವತೀಪುರದಲ್ಲಿಯೂ ಇದೇ ಮಾತನ್ನು ಕೇಳಿ ಹಿಂತಿರುಗಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಆ ಮೃದುವಾದ ಮಾತಿಗೆ ಒಂದು ಇತಿಹಾಸವಿದೆ. 1917ರಲ್ಲಿ ಡಾ. ಬಿ. ಆರ್. ಅಂಬೇಡ್ಕರರು ಬರೋಡಾ ಸಂಸ್ಥಾನದ ಸೇವೆಗೆಂದು ವಡೋದರೆಗೆ ಬಂದರು. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ನೆರವಿನಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿ, ಅನಂತರ ಲಂಡನ್ನಿನಲ್ಲಿ ಓದಿ, ಕರಾರಿನಂತೆ ಹಿಂತಿರುಗಿದ ಆ ವಿದ್ವಾಂಸರಿಗೆ ಸಂಸ್ಥಾನದಲ್ಲಿ ಹುದ್ದೆ ಸಿದ್ಧವಾಗಿತ್ತು, ಇರಲು ಮನೆ ಸಿದ್ಧವಾಗಿರಲಿಲ್ಲ. ಹಿಂದೂಗಳ ಊಟವಸತಿಗಳಲ್ಲಿ ಅಸ್ಪೃಶ್ಯನೆಂದು ತಿಳಿದರೆ ಪ್ರವೇಶವಿಲ್ಲವೆಂಬುದನ್ನು ಅರಿತಿದ್ದ ಅವರು ಪಾರ್ಸಿಗಳ ಒಂದು ವಸತಿಗೃಹಕ್ಕೆ ಹೋದರು; ಅದು ಪಾರ್ಸಿಗಳಿಗೆ ಮಾತ್ರ ಎಂದಾಗ, ಮೇಲ್ವಿಚಾರಕನ ಒಪ್ಪಿಗೆಯಿಂದಲೇ ಪಾರ್ಸಿ ಹೆಸರೊಂದನ್ನು ಪುಸ್ತಕದಲ್ಲಿ ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿಯಂತೆ ಮಹಡಿಯ ಮೇಲಿನ ಕೋಣೆಯಲ್ಲಿ ನೆಲೆಸಿದರು. ಆ ಕೋಣೆಯ ಹೊರಗೆ ಮುರಿದ ಕುರ್ಚಿ ಬೆಂಚುಗಳು ತುಂಬಿದ ಕತ್ತಲೆಯ ಹಜಾರ, ರಾತ್ರಿಗೆ ಒಂದು ಲಾಂದ್ರ, ಮಾತಿಗೆ ಮನುಷ್ಯರಿಲ್ಲದ ಏಕಾಂತ. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪೊಂದು ಬಂದು, ಸಂಜೆಯೊಳಗೆ ಜಾಗ ಬಿಡಬೇಕೆಂದು ಗದರಿಸಿತು. ಅವರು ಒಂದು ವಾರದ ಅವಧಿ ಬೇಡಿದರು, ಅದೂ ಸಿಕ್ಕಲಿಲ್ಲ.

ಇದರ ಮುಂದಿನ ಭಾಗವೇ ಪ್ರಕೃತ ವಿಷಯಕ್ಕೆ ಅತ್ಯಂತ ಸಮೀಪವಾದುದು. ಆ ಊರಿನಲ್ಲಿ ಅವರಿಗೆ ಇಬ್ಬರು ಮಿತ್ರರಿದ್ದರು, ಒಬ್ಬರು ಹಿಂದೂ, ಒಬ್ಬರು ಕ್ರೈಸ್ತರು. ಹಿಂದೂ ಮಿತ್ರರು ಕೋಪಗೊಂಡರು, ಮರುಗಿದರು. ಆದರೆ ನೀವು ನನ್ನ ಮನೆಗೆ ಬಂದರೆ ಆಳುಗಳು ಬಿಟ್ಟುಹೋಗುತ್ತಾರೆ ಎಂದರು. ಕ್ರೈಸ್ತ ಮಿತ್ರರು ಪತ್ನಿಯನ್ನು ಕೇಳಬೇಕು ಎಂದರು. ಇಬ್ಬರಲ್ಲಿ ಯಾರೂ ತಾವಾಗಿ ಇಲ್ಲವೆನ್ನಲಿಲ್ಲ. ಒಬ್ಬರು ಆಳುಗಳ ಹೆಸರಿನಲ್ಲಿ, ಇನ್ನೊಬ್ಬರು ಪತ್ನಿಯ ಹೆಸರಿನಲ್ಲಿ ಬಾಗಿಲು ಮುಚ್ಚಿದರು. ರಾತ್ರಿಯ ಮುಂಬಯಿ ರೈಲು ಹೊರಡುವವರೆಗೆ ಅಂಬೇಡ್ಕರರು ಇಂದಿನ ಸಯಾಜಿ ಬಾಗಿನಲ್ಲಿ ದುಃಖದಿಂದ ಕುಳಿತಿದ್ದರು. ಸಂಸ್ಥಾನದ ಬಂಗಲೆಗಾಗಿ ಮಂತ್ರಿಗಳಿಗೆ ಕೊಟ್ಟಿದ್ದ ಅರ್ಜಿ ಅಂದಿಗೂ ಇತ್ಯರ್ಥವಾಗಿರಲಿಲ್ಲ.

ಇದಕ್ಕೆ ಎರಡು ವರ್ಷ ಮುಂಚೆ, ಅಹಮದಾಬಾದಿನ ಹೊರವಲಯದ ಕೋಚರಬ್ ಎಂಬ ಹಳ್ಳಿಯಲ್ಲಿ, ಬ್ಯಾರಿಸ್ಟರ್ ಜೀವನಲಾಲ ದೇಸಾಯಿಯವರ ಬಂಗಲೆಯನ್ನು ಬಾಡಿಗೆಗೆ ಹಿಡಿದು ಗಾಂಧೀಜಿಯವರು 1915ರ ಮೇ 25ರಂದು ಆಶ್ರಮವನ್ನು ಆರಂಭಿಸಿದರು. ಸುಮಾರು ಇಪ್ಪತ್ತೈದು ಮಂದಿ ಸ್ತ್ರೀಪುರುಷರು, ಅವರಲ್ಲಿ ಅರ್ಧದಷ್ಟು ತಮಿಳರು, ಒಂದೇ ಅಡುಗೆಮನೆ. ಕೂಡಿ ಬಾಳುವುದಕ್ಕೆ ಮುನ್ನ ಅವರು ಮಾಡಿದ ಕೆಲಸವನ್ನು ಗಮನಿಸಬೇಕು: ಆಶ್ರಮದ ನಿಯಮಗಳ ಕರಡನ್ನು ಬರೆದು, ಮಿತ್ರರಿಗೆ ಕಳುಹಿಸಿ, ಅವರ ಅಭಿಪ್ರಾಯವನ್ನು ಬೇಡಿದರು. ಕೆಲವೇ ತಿಂಗಳಲ್ಲಿ ಸಮಾಜಸೇವಕರಾದ ಠಕ್ಕರ್ ಬಾಪಾ ಅವರಿಂದ ಪತ್ರ ಬಂತು. ಅಸ್ಪೃಶ್ಯ ಕುಟುಂಬವೊಂದು ಆಶ್ರಮವನ್ನು ಸೇರಬಯಸುತ್ತದೆ, ಸೇರಿಸಿಕೊಳ್ಳುವಿರಾ ಎಂದು. ಆ ಕುಟುಂಬದವರು ಆಶ್ರಮದ ನಿಯಮಗಳಿಗೆ ಬದ್ಧರಾಗಿರಲು ಒಪ್ಪುವುದಾದರೆ ಬರಬಹುದೆಂದು ಗಾಂಧೀಜಿ ಉತ್ತರ ಬರೆದರು. ದೂದಾಭಾಯಿ, ದಾನಿಬೆನ್ ದಂಪತಿಗಳೂ ಅವರ ಪುಟ್ಟ ಮಗಳು ಲಕ್ಷ್ಮಿಯೂ ಬಂದರು.

ಬಂದ ಮೇಲೆ ಆದುದೇನೆಂಬುದನ್ನು ಗಾಂಧೀಜಿ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಬಂಗಲೆಯ ಬಾವಿಯಲ್ಲಿ ನೀರು ಸೇದುತ್ತಿದ್ದವನು ಇವರ ಬಿಂದಿಗೆಯ ಹನಿ ತಾಗಿದರೆ ಮೈಲಿಗೆಯೆಂದು ಬೈದ. ಬೈಗಳನ್ನು ಸಹಿಸಿಕೊಂಡು ನೀರು ಸೇದುತ್ತಲೇ ಇರಿ ಎಂದು ಗಾಂಧೀಜಿ ಆಶ್ರಮದವರಿಗೆ ಹೇಳಿದರು. ಹಣದ ನೆರವು ನಿಂತುಹೋಯಿತು. ಮನೆಯ ಒಳಗಿನ ಸ್ತ್ರೀಯರಿಗೂ, ಕಸ್ತೂರಬಾ ಅವರಿಗೂ, ದಾನಿಬೆನ್ನರ ವಿಷಯದಲ್ಲಿ ಮೊದಲಲ್ಲಿ ಅಸಮಾಧಾನವೇ ಇತ್ತು. ಬಹಿಷ್ಕಾರ ಬಂದರೆ ಅಸ್ಪೃಶ್ಯರ ಕೇರಿಗೇ ಹೋಗಿ ಇರೋಣವೆಂದು ಗಾಂಧೀಜಿ ನಿಶ್ಚಯಿಸಿದ ಹೊತ್ತಿನಲ್ಲಿ, ಒಬ್ಬ ಶೇಠರು ಕಾರಿನಲ್ಲಿ ಬಂದು 13,000 ರೂಪಾಯಿಗಳನ್ನು ಕೊಟ್ಟುಹೋದರು, ಆಶ್ರಮ ಉಳಿಯಿತು.

ಈ ಎರಡು ಮನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ. ಕೋಚರಬ್ಬಿನಲ್ಲಿ ವಿರೋಧ ವಡೋದರೆಗಿಂತ ಕಡಮೆಯಾಗಿರಲಿಲ್ಲ. ನೆರೆಯವರಿದ್ದರು, ಧನಿಕರಿದ್ದರು, ಮನೆಯೊಳಗಿನ ಹೆಂಗಸರೂ ಇದ್ದರು. ಅಲ್ಲಿ ಇದ್ದುದು, ವಡೋದರೆಯಲ್ಲಿ ಇಲ್ಲದಿದ್ದುದು, ಎರಡು ಸಂಗತಿಗಳು. ಒಂದನೆಯದು, ಯಾರು ಬೇಕಾದರೂ ಓದಿ ಒಪ್ಪಬಹುದಾದ, ಒಪ್ಪಿದವರೆಲ್ಲರಿಗೂ ಸಮಾನವಾಗಿ ಅನ್ವಯಿಸುವ ಲಿಖಿತ ನಿಯಮ. ಎರಡನೆಯದು, ಒಪ್ಪಿಗೆಯ ಹೊಣೆಯನ್ನು ಆಳಿನ ಮೇಲೆಯೋ ಹೆಂಡತಿಯ ಮೇಲೆಯೋ ನೆರೆಯವರ ಮೇಲೆಯೋ ಹಾಕದೆ ತಾನೇ ಹೊತ್ತ ಒಬ್ಬ ಮನುಷ್ಯ. ಹುಟ್ಟನ್ನು ಯಾರೂ ತಿದ್ದಿಕೊಳ್ಳಲಾರರು, ಆದುದರಿಂದ ಹುಟ್ಟನ್ನು ಕೇಳುವ ಮನೆ ಕೇಳಿದ ಕ್ಷಣದಲ್ಲಿಯೇ ಮಾತನ್ನು ಮುಗಿಸಿಬಿಡುತ್ತದೆ. ನಡತೆಯನ್ನು ಯಾರಾದರೂ ಒಪ್ಪಿಕೊಳ್ಳಬಲ್ಲರು, ಒಪ್ಪಿದ್ದಕ್ಕೆ ತಪ್ಪಿದರೆ ಪ್ರಶ್ನಿಸಿಕೊಳ್ಳಬಲ್ಲರು, ಆದುದರಿಂದ ನಡತೆಯನ್ನು ಕೇಳುವ ಮನೆಯಲ್ಲಿ ಮಾತು ಅಲ್ಲಿಂದ ಆರಂಭವಾಗುತ್ತದೆ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ಲಘುವಾಗಿ ತಳ್ಳಿಹಾಕಲಾಗದು. ತನ್ನ ಮನೆಯಲ್ಲಿ ಯಾರಿರಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯ ಮನುಷ್ಯನಿಗಿಲ್ಲವೇ, ಸಮಾನ ಆಚಾರವುಳ್ಳವರು ಒಟ್ಟಿಗಿರಬಯಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಅಹಮದಾಬಾದಿನ ಹಳೆಯ ಪೋಳಗಳು ಹೀಗೆಯೇ ಬೆಳೆದವು. ಒಂದು ಹೆಬ್ಬಾಗಿಲು, ಒಳಗೆ ಇಕ್ಕಟ್ಟಾದ ಓಣಿ, ಹಕ್ಕಿಗಳಿಗೆ ಕಾಳು ಹಾಕುವ ಚಬೂತರಾ, ಪ್ರಾಯಶಃ ಒಂದೇ ಜಾತಿಯ ಅಥವಾ ಒಂದೇ ಕಸುಬಿನ ಮನೆಗಳು. ಆ ನಗರವನ್ನು ಯುನೆಸ್ಕೋ ಸಂಸ್ಥೆ 2017ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಾಬರಮತಿಯ ಪಶ್ಚಿಮದಲ್ಲಿ ಬೆಳೆದ ಸಹಕಾರಿ ಗೃಹಸಂಘಗಳಲ್ಲಿ ಅನೇಕವು ಆ ಪೋಳದ ಪದ್ಧತಿಯನ್ನೇ ಮುಂದುವರಿಸಿದವು. ಅಹಮದಾಬಾದಿನ ಜರತುಷ್ಟ್ರ ಮತದವರ ಸಹಕಾರಿ ಗೃಹಸಂಘವು ಸದಸ್ಯತ್ವವನ್ನು ಪಾರ್ಸಿಗಳಿಗೆ ಮಾತ್ರ ಸೀಮಿತಗೊಳಿಸಿದ್ದ ಉಪನಿಯಮವನ್ನು ಸರ್ವೋಚ್ಚ ನ್ಯಾಯಾಲಯವೂ 2005ರಲ್ಲಿ ಎತ್ತಿಹಿಡಿಯಿತು. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಭೇದ ಸಲ್ಲದೆಂದು ಹೇಳುತ್ತದೆ; ಬಾಡಿಗೆಯ ಮನೆಯನ್ನು ಅದು ಹೆಸರಿಸಿ ಹೇಳಿಲ್ಲ.

ಈ ಸ್ವಾತಂತ್ರ್ಯವನ್ನು ನಾನು ನಿರಾಕರಿಸುವುದಿಲ್ಲ, ಅದಕ್ಕೊಂದು ತಾರತಮ್ಯವಿರಬೇಕೆನ್ನುತ್ತೇನೆ. ಹಂಚಿಕೊಳ್ಳುವ ವಸ್ತು ಎಷ್ಟು ಆಪ್ತವೋ ಕೇಳುವ ಹಕ್ಕು ಅಷ್ಟು ವಿಶಾಲ. ಒಂದೇ ಒಲೆಯನ್ನು ಹಂಚಿಕೊಳ್ಳುವವರು ಏನು ಬೇಯಿಸಬೇಕು, ಏನು ಬೇಯಿಸಬಾರದು ಎಂದು ಮಾತಾಡಿಕೊಳ್ಳುವುದು ನ್ಯಾಯ. ಒಂದೇ ಕೋಣೆಯವರು ದೀಪ ಆರಿಸುವ ಹೊತ್ತನ್ನೂ ಗೊತ್ತುಮಾಡಿಕೊಳ್ಳಬಹುದು. ಬೇರೆಯಾದ ಫ್ಲಾಟನ್ನು ಬಾಡಿಗೆಗೆ ಕೊಟ್ಟ ಮಾಲಿಕನಿಗೆ ಬಾಡಿಗೆ ಸಲ್ಲುತ್ತದೆಯೇ, ಮನೆ ಹಾಳಾಗದೆ ಉಳಿಯುತ್ತದೆಯೇ ಎಂಬುದಕ್ಕಿಂತ ಹೆಚ್ಚಿನದನ್ನು ಕೇಳುವ ಅಧಿಕಾರವಿಲ್ಲ. ಮೆಟ್ಟಿಲನ್ನೂ ಲಿಫ್ಟನ್ನೂ ನೀರಿನ ತೊಟ್ಟಿಯನ್ನೂ ಮಾತ್ರ ಹಂಚಿಕೊಳ್ಳುವ ಸೊಸೈಟಿ ಗದ್ದಲದ ಮಾತನ್ನೂ ಕಸದ ಮಾತನ್ನೂ ಕೇಳಬಹುದೇ ಹೊರತು ಬಾಗಿಲಿನ ಒಳಗೆ ಕುದಿಯುವ ಪಾತ್ರೆಯನ್ನು ವಿಚಾರಿಸಲಾಗದು. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತಲೆಕೆಳಗು. ವಡೋದರೆಯ ಹರಣಿ ಭಾಗದ ಸರ್ಕಾರಿ ವಸತಿ ಸಂಕೀರ್ಣವೊಂದರಲ್ಲಿ 2017ರಲ್ಲಿ ಮುಸ್ಲಿಂ ಮಹಿಳೆಯೊಬ್ಬರಿಗೆ ಕ್ರಮಬದ್ಧವಾಗಿ ಮಂಜೂರಾದ ಮನೆಯನ್ನು ರದ್ದುಮಾಡಬೇಕೆಂದು ಅಲ್ಲಿಯ ನಿವಾಸಿಗಳು 2024ರಲ್ಲಿಯೂ ಪ್ರತಿಭಟಿಸಿದರು. ಪ್ರಜೆಗಳ ತೆರಿಗೆಯಿಂದ ಎದ್ದ ಕಟ್ಟಡದಲ್ಲಿ, ಒಲೆಯನ್ನು ಹಂಚಿಕೊಳ್ಳದವರು, ಒಲೆಯ ಪಾಲುದಾರರಿಗೂ ಇಲ್ಲದ ಹಕ್ಕನ್ನು ಕೇಳಿದರು. ಗಲಭೆಯ ಭಯದಲ್ಲಿ ಜನ ಅಗ್ಗಕ್ಕೆ ಮನೆ ಮಾರಿ ಓಡಿಹೋಗದಿರಲೆಂದು 1991ರಲ್ಲಿ ಮಾಡಿದ ಅಶಾಂತ ಪ್ರದೇಶಗಳ ಕಾನೂನು, ಆಸ್ತಿಯ ವರ್ಗಾವಣೆಗೆ ಜಿಲ್ಲಾಧಿಕಾರಿಯ ಪೂರ್ವಾನುಮತಿಯನ್ನು ಕಡ್ಡಾಯ ಮಾಡಿ, ಕಾಲಕ್ರಮದಲ್ಲಿ ಕೇರಿ ಕೇರಿಗಳ ನಡುವಿನ ಗೆರೆಯನ್ನು ಗಟ್ಟಿಗೊಳಿಸಿದೆ. ರಕ್ಷಣೆಯ ಉದ್ದೇಶದಿಂದ ಹುಟ್ಟಿದ ನಿಯಮವೂ ಹುಟ್ಟನ್ನು ನೋಡಲಾರಂಭಿಸಿದರೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಇದು ನಿದರ್ಶನ.

ಆರಿಸಿಕೊಳ್ಳುವ ಸ್ವಾತಂತ್ರ್ಯದ ಮಾತನ್ನಾಡುವಾಗ ಆ ಸ್ವಾತಂತ್ರ್ಯವೇ ಇಲ್ಲದವರನ್ನು ಮರೆತರೆ ವಿಚಾರ ಅಪೂರ್ಣವಾಗುತ್ತದೆ. ಸೂರತ್ತಿನ ಪವರ್‌ಲೂಮುಗಳಲ್ಲಿ ದುಡಿಯುವ ಒಡಿಶಾದ ಗಂಜಾಂ ಜಿಲ್ಲೆಯ ಸಾವಿರಾರು ಕಾರ್ಮಿಕರು ‘ಮೆಸ್’ ಎಂದು ಕರೆಯಲಾಗುವ ದೊಡ್ಡ ಹಜಾರಗಳಲ್ಲಿ ವಾಸಿಸುತ್ತಾರೆ. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದವನು, ಅದೇ ಆಗ ಎದ್ದು ಪಾಳಿಗೆ ಹೋದವನ ಜಾಗದಲ್ಲಿ ಮಲಗುತ್ತಾನೆ. ಹಾಸಿಗೆಯ ಬಿಸಿ ಆರುವುದಕ್ಕೆ ಸಮಯವಿರುವುದಿಲ್ಲ. ಇದನ್ನು ಸಹವಾಸವೆಂದು ಕರೆದರೆ ಆ ಶಬ್ದಕ್ಕೆ ಅಪಚಾರವಾದೀತು. ಹೊರಗೆ ಹೋಗುವ ಬಾಗಿಲಿದ್ದು, ಹೋಗಲು ಬೇರೆ ಸ್ಥಳವಿದ್ದು, ಆದರೂ ಇರುತ್ತೇನೆಂದು ನಿಶ್ಚಯಿಸಿದಾಗ ಮಾತ್ರ ಕೂಡಿ ಬಾಳುವುದಕ್ಕೆ ನೈತಿಕವಾದ ಬೆಲೆ ಬರುತ್ತದೆ. ದುಡಿಮೆಗೆ ಜನರನ್ನು ಕರೆಸಿಕೊಳ್ಳುವ ಊರು ಅವರಿಗೆ ಮನೆಯನ್ನೂ ಒದಗಿಸಬೇಕು. 2020ರ ಲಾಕ್‌ಡೌನಿನಲ್ಲಿ ಇಂಥ ಕಾರ್ಮಿಕರು ಬೀದಿಗಿಳಿದ ಮೇಲೆ ಕೇಂದ್ರ ಸರ್ಕಾರ ಕೈಗೆಟುಕುವ ಬಾಡಿಗೆ ವಸತಿಯ ಯೋಜನೆಯೊಂದನ್ನು ಪ್ರಕಟಿಸಿತು. ಆ ದಿಕ್ಕಿನಲ್ಲಿ ಇಟ್ಟ ಹೆಜ್ಜೆ ಬಹಳ ದೂರ ಸಾಗಬೇಕಾಗಿದೆ. ಅಂಬೇಡ್ಕರರನ್ನು ಕರೆಸಿ ಬಂಗಲೆ ಕೊಡದ ಸಂಸ್ಥಾನದ ಲೋಪವೂ ನೇಕಾರರನ್ನು ಕರೆಸಿ ಹಾಸಿಗೆ ಕೊಡದ ನಗರದ ಲೋಪವೂ ಒಂದೇ ಜಾತಿಯವು.

ಇನ್ನು ನಮ್ಮ ಕನ್ನಡದ ಮಕ್ಕಳಿಗೆ ಹೇಳಬೇಕಾದ ಮಾತು. ಪರಸ್ಥಳದಲ್ಲಿ ಕನ್ನಡದವರೇ ಕೂಡಿ ಒಂದು ಮನೆ ಮಾಡುವುದು ಸಹಜವಾದ ಆಸೆ. ದಣಿದು ಬಂದ ಸಂಜೆ ತಾಯಿನುಡಿಯಲ್ಲಿ ಎರಡು ಮಾತಾಡುವ ಸುಖವನ್ನು ಯಾರು ಅಲ್ಲಗಳೆದಾರು? ಆದರೆ ಭಾಷೆಯ ಹೆಸರಿನಲ್ಲಿ ಆರಂಭವಾದ ಆಯ್ಕೆ ಅರಿವಿಲ್ಲದೆ ಜಿಲ್ಲೆಗೆ, ಜಿಲ್ಲೆಯಿಂದ ಜಾತಿಗೆ ಇಳಿದುಬಿಡುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ವಾರಾನ್ನದ ಮನೆಗಳಲ್ಲಿ ಉಂಡು, ಜಾತಿಯ ಹಾಸ್ಟೆಲುಗಳಲ್ಲಿ ಮಲಗಿ ಓದಿದ ತಲೆಮಾರುಗಳಿಗೆ ನಾವು ಋಣಿಗಳು; ಆ ಮನೆಗಳೂ ಹಾಸ್ಟೆಲುಗಳೂ ಇಲ್ಲದಿದ್ದರೆ ಎಷ್ಟೋ ಬಡ ಹುಡುಗರು ಅಕ್ಷರವನ್ನೇ ಕಾಣುತ್ತಿರಲಿಲ್ಲ. ಆದರೂ ನಮ್ಮ ನಾಡು ಹೆಮ್ಮೆಯಿಂದ ನೆನೆಯುವುದು ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ತುಮಕೂರಿನ ಸಿದ್ಧಗಂಗೆಯನ್ನು. ಸಂಬಳ ಕೈಗೆ ಬಂದು, ಆರಿಸಿಕೊಳ್ಳುವ ಶಕ್ತಿ ಬಂದ ಮೇಲೆ ನಾವು ಅನುಸರಿಸತಕ್ಕ ಪಂಕ್ತಿ ಅದೇ.

ಇದು ಸಾಧ್ಯವಾಗುವ ಬಗೆಯನ್ನು ನಾನು ಬಲ್ಲ ಒಂದು ಮನೆಯಿಂದ ತೋರಿಸಬಹುದು. ಫತೇಗಂಜಿನ ಆ ಬಾಡಿಗೆ ಮನೆಯಲ್ಲಿ ಮೂವರು ಹುಡುಗಿಯರು: ಧಾರವಾಡದವಳೊಬ್ಬಳು, ಅಸ್ಸಾಮಿನವಳೊಬ್ಬಳು, ಸೌರಾಷ್ಟ್ರದ ಜೈನ ಮನೆತನದವಳೊಬ್ಬಳು. ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಒಂದು ಕಾಗದವನ್ನು ಅಂಟಿಸಿದ್ದಾರೆ. ಮೊಟ್ಟೆ ಮೀನುಗಳ ಬಾಣಲೆ ಬೇರೆ, ಅದಕ್ಕೆ ಕೆಳಗಿನ ಗೂಡು. ಜೈನರ ಪರ್ಯೂಷಣ ಪರ್ವದ ದಿನಗಳಲ್ಲಿ ಅವು ಒಲೆಯೇರುವುದಿಲ್ಲ. ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವವಳಿಗೆ ಆ ಒಂದು ಗಂಟೆ ಒಲೆ ಮೀಸಲು. ಉಳಿದ ಹೊತ್ತಿನಲ್ಲಿ ಇತರರ ಪಾತ್ರೆಯ ಬಗ್ಗೆ ಅವಳು ಮಾತೆತ್ತುವುದಿಲ್ಲ. ಕೆಳಗೆ ಮೂವರ ಸಹಿ. ಯಾರ ನಂಬಿಕೆಯನ್ನೂ ಅಲ್ಲಿ ಯಾರೂ ತಿದ್ದಲಿಲ್ಲ, ಪ್ರತಿಯೊಬ್ಬರೂ ಒಂದಿಷ್ಟು ಬಿಟ್ಟುಕೊಟ್ಟರು, ಬಿಟ್ಟುಕೊಟ್ಟದ್ದು ಎಷ್ಟೆಂಬುದನ್ನು ಬರೆದಿಟ್ಟರು.

ಈ ಬರೆದಿಡುವ ಅಭ್ಯಾಸವನ್ನು ನಮ್ಮ ತರುಣರು ಅವಿಶ್ವಾಸದ ಕುರುಹೆಂದು ಭಾವಿಸಬಾರದು. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾನೂನಿನಂತೆ ನೋಂದಾಯಿಸಬೇಕಾಗುವುದರಿಂದಲೇ ಹನ್ನೊಂದು ತಿಂಗಳ ಕರಾರಿನ ರೂಢಿ ಬೆಳೆದಿದೆ. ಆ ಕರಾರಿನಲ್ಲಿ ಕೂಡಿರುವ ಎಲ್ಲರ ಹೆಸರೂ ಇರಲಿ, ಇಲ್ಲವಾದರೆ ಹೆಸರುಳ್ಳವನು ಊರು ಬಿಟ್ಟ ದಿನ ಉಳಿದವರು ಅತಂತ್ರರಾಗುತ್ತಾರೆ. ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಡುವಾಗಲೂ ಎಲ್ಲರದನ್ನೂ ಕೊಡಿಸಿರಿ. ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು 2021ರ ಮಾದರಿ ಬಾಡಿಗೆ ಕಾನೂನು ಸೂಚಿಸುತ್ತದೆ. ರಾಜ್ಯಗಳು ತಾವಾಗಿ ಅಳವಡಿಸಿಕೊಂಡಲ್ಲದೆ ಅದು ಜಾರಿಗೆ ಬಾರದಾದರೂ, ನ್ಯಾಯವಾದ ಮೊತ್ತವೆಷ್ಟೆಂದು ತಿಳಿದು ಮಾತಾಡುವುದಕ್ಕೆ ಸಹಾಯಕ. ಮುಂಗಡದಲ್ಲಿ ಯಾರ ಪಾಲೆಷ್ಟು, ಬಿಟ್ಟುಹೋಗುವವರು ಎಷ್ಟು ದಿನ ಮುಂಚೆ ತಿಳಿಸಬೇಕು, ಅತಿಥಿಗಳು ಎಷ್ಟು ದಿನ ಇರಬಹುದು, ಕಾಯಿಲೆ ಬಂದರೆ ಯಾರ ಮನೆಗೆ ಯಾರು ಸುದ್ದಿ ಮುಟ್ಟಿಸಬೇಕು, ಇಷ್ಟನ್ನು ಮನೆ ಹೊಕ್ಕುವ ಮುನ್ನವೇ ಮಾತಾಡಿಕೊಂಡವರು ಮುಂದೆ ಮನಸ್ತಾಪಕ್ಕೆ ಸಿಕ್ಕುವುದು ಅಪೂರ್ವ.

ಇವೆಲ್ಲಕ್ಕಿಂತ ಮಿಗಿಲಾದ ಕರ್ತವ್ಯವೊಂದಿದೆ. ಮನೆಯಲ್ಲಿ ಒಂದು ಹಾಸಿಗೆ ತೆರವಾದಾಗ, ಇದುವರೆಗೆ ಮನೆ ಕೇಳುತ್ತಿದ್ದವರೇ ಮನೆ ಕೊಡುವವರ ಸ್ಥಾನಕ್ಕೆ ಬರುತ್ತಾರೆ. ಅಂದು ಹೊಸಬನೊಬ್ಬ ಬಾಗಿಲಿಗೆ ಬಂದರೆ ಅವನನ್ನು ಏನು ಕೇಳಬೇಕು? ಪಾತ್ರೆ ತೊಳೆಯುವ ಸರದಿಗೆ ಒಪ್ಪುವೆಯಾ, ಬಾಡಿಗೆಯ ಪಾಲನ್ನು ತಿಂಗಳ ಮೊದಲ ವಾರದಲ್ಲಿ ಕೊಡಬಲ್ಲೆಯಾ, ರಾತ್ರಿ ಎಷ್ಟು ಹೊತ್ತಿಗೆ ಮಲಗುವೆ ಎಂದು ಕೇಳಿರಿ, ಅಡ್ಡಹೆಸರನ್ನು ಕೇಳದಿರಿ. ಉಳಿದ ಇಬ್ಬರು ಹಿಂಜರಿದರೆ ಅವರ ಹಿಂಜರಿಕೆಯ ಮರೆಯಲ್ಲಿ ನಿಲ್ಲದೆ, ನನಗೆ ಒಪ್ಪಿಗೆಯಿದೆ, ನಿಮ್ಮ ಆಕ್ಷೇಪಣೆಯೇನೆಂದು ಹೇಳಿರಿ ಎಂದು ಎದುರಿಗೆ ಕುಳಿತು ಕೇಳಿರಿ. ವಡೋದರೆಯ ಆ ಇಬ್ಬರು ಮಿತ್ರರಲ್ಲಿ ಒಬ್ಬರು ಇಷ್ಟನ್ನು ಮಾಡಿದ್ದರೆ ಸಾಕಾಗಿತ್ತು. ಕಾನೂನು ಬದಲಾಗಬೇಕು, ಸರ್ಕಾರ ಮನೆ ಕಟ್ಟಬೇಕು, ಸೊಸೈಟಿಗಳು ತಮ್ಮ ಉಪನಿಯಮಗಳನ್ನು ತಿದ್ದಿಕೊಳ್ಳಬೇಕು. ಅವೆಲ್ಲಕ್ಕೂ ಕಾಲ ಬೇಕು, ಹೋರಾಟ ಬೇಕು. ತನ್ನ ಪಾಲಿನ ಒಪ್ಪಿಗೆಯನ್ನು ತಾನೇ ಬಾಯಿಬಿಟ್ಟು ಹೇಳುವುದಕ್ಕೆ ಯಾವ ಕಾನೂನನ್ನೂ ಕಾಯಬೇಕಾಗಿಲ್ಲ. ಮೊದಲ ಮನೆಯ ಮೊದಲ ಬಾಡಿಗೆಯನ್ನು ಕೊಟ್ಟ ದಿನವೇ ಆ ಅಧಿಕಾರ ನಮ್ಮದಾಗಿರುತ್ತದೆ.